ಈರುಳ್ಳಿ ಎರಡು, ಕ್ಯಾರೆಟ್ಟು ನಾಕು

ಸೆಲ್ಮಾ ವೈಸ್‌ಗ್ಲಾಸ್‌ಗೆ ತರಕಾರಿ ಅಂಗಡಿಗೆ ಹೋಗುವುದೆಂದರೆ ಮೈಯೆಲ್ಲ ಉರಿ. ಹೋಗದೆ ವಿಧಿಯಿಲ್ಲ, ಹೊಟ್ಟೆ ಕೇಳಬೇಕಲ್ಲ. ಹೋದರೆ ಸಾಕು, ಅಂಗಡಿಯವನು ಹಲ್ಲು ಕಿರಿಯುತ್ತ ತಕ್ಕಡಿ ತಟ್ಟಿ ಹಾಡಲು ಶುರುಮಾಡುತ್ತಿದ್ದ.

ಈರುಳ್ಳಿ ಎರಡು, ಕ್ಯಾರೆಟ್ಟು ನಾಕು,
ಮೀನು ತಾಜಾದು ನೋಡಿ ತರಬೇಕು,
ಬ್ರೆಡ್ಡು ಮರೆತರೆ ಮನೆಗೆ ಬರಬೇಡ,
ಮರೆತರೂ ಬಾ, ಹೊರಗೆ ನಿಲ್ಲಬೇಡ!

"ನನಗೆ ಬೇಕಿರೋದು ಆಲೂಗಡ್ಡೆ," ಎನ್ನುತ್ತಿದ್ದಳು ಸೆಲ್ಮಾ, ಮುಖ ಗಂಟುಹಾಕಿಕೊಂಡು. ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ನಲವತ್ತೊಂದು ವರ್ಷ ಅವಳು ಈ ನಗುವನ್ನು ಸಹಿಸಿಕೊಂಡಳು. ನ್ಯೂಯಾರ್ಕಿನಲ್ಲಿ ಅಂಗಡಿ ಬದಲಾಯಿಸಬಹುದು, ಬೀದಿ ಬದಲಾಯಿಸಬಹುದು. ಆದರೆ ಊರಿಗೆ ಊರೇ ಬಾಯಿಪಾಠ ಮಾಡಿಕೊಂಡ ಹಾಡಿನಿಂದ ಎಲ್ಲಿಗೆಂದು ಓಡಿಹೋಗುವುದು?

ಹಾಡು ಬರೆದವಳು ಅವಳೇ. ಆದರೆ ಆ ಹಾಡನ್ನಲ್ಲ. ಇದೇ ಅವಳ ಜೀವನದ ರಗಳೆ.

ಸೆಲ್ಮಾ ಹುಟ್ಟಿ ಬೆಳೆದದ್ದು ಬ್ರಾಂಕ್ಸ್‌ನ ಒಂದು ಐದನೇ ಮಹಡಿಯ ಮನೆಯಲ್ಲಿ. ಲಿಫ್ಟು ಇಲ್ಲ. ಎಪ್ಪತ್ತೆಂಟು ಮೆಟ್ಟಿಲು. ಅಪ್ಪ ಟೋಪಿ ಕಾರ್ಖಾನೆಯಲ್ಲಿ ಆವಿಯ ಯಂತ್ರದ ಮುಂದೆ ದಿನವೆಲ್ಲ ನಿಂತು ಸಂಜೆ ಮನೆಗೆ ಬರುವಾಗ ಒಂದೊಂದೇ ಮೆಟ್ಟಿಲು ಹತ್ತುವ ಸದ್ದು ಕೇಳಿಸುತ್ತಿತ್ತು. ಹುಡುಗಿ ಬಾಗಿಲಿಗೆ ಕಿವಿಯಾನಿಸಿ ಎಣಿಸುತ್ತಿದ್ದಳು. ಅರವತ್ತರ ಹತ್ತಿರ ಒಮ್ಮೆ ನಿಲ್ಲುತ್ತಿದ್ದ, ಕೆಮ್ಮುತ್ತಿದ್ದ, ಮತ್ತೆ ಹತ್ತುತ್ತಿದ್ದ. ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ಒಂದು ಸಂಜೆ ಆ ಸದ್ದು ಬರಲೇ ಇಲ್ಲ. ಕಾರ್ಖಾನೆಯಲ್ಲೇ ಕುಸಿದುಬಿದ್ದಿದ್ದ.

ಅವಳಿಗೆ ಮಾತು ಜೋಡಿಸುವ ಹುಚ್ಚು ಮೊದಲಿನಿಂದಲೂ ಇತ್ತು. ಇಪ್ಪತ್ತೆರಡಕ್ಕೆ ಬ್ರಾಡ್‌ವೇಯ ಒಂದು ಪ್ರಸಿದ್ಧ ಕಟ್ಟಡಕ್ಕೆ, ಹಾಡು ಬರೆಸಿ ಮಾರುವ ಕಂಪನಿಗಳೇ ತುಂಬಿದ್ದ ಕಟ್ಟಡಕ್ಕೆ, ಕೆಲಸಕ್ಕೆ ಸೇರಿದಳು. ಗೂಡಿನಂಥ ಕೋಣೆಗಳು, ಕೋಣೆಗೊಂದು ಪಿಯಾನೋ, ಎರಡು ಕುರ್ಚಿ. ಒಬ್ಬರು ಟ್ಯೂನ್ ಹಾಕಬೇಕು, ಇನ್ನೊಬ್ಬರು ಮಾತು ಹಾಕಬೇಕು. ಪಕ್ಕದ ಕೋಣೆಯ ಟ್ಯೂನು ಗೋಡೆ ತೂರಿ ನಿಮ್ಮ ಟ್ಯೂನಿನೊಳಗೆ ಬರುತ್ತಿತ್ತು. ಅವಳ ಜೊತೆಗಾರ ಲೂ ಟಾರ್ನೊಫ್. ಸದಾ ಬಾಯಲ್ಲಿ ಹೊತ್ತಿಸದ ಸಿಗಾರು, ಕಾಲಲ್ಲಿ ಎರಡು ಬಣ್ಣದ ಕಾಲುಚೀಲ, ಕೈಬೆರಳಲ್ಲಿ ಮಾತ್ರ ದೇವರು ಕೊಟ್ಟ ವರ. ಇಬ್ಬರೂ ಬೆಳಗಿನಿಂದ ಸಂಜೆವರೆಗೆ ಜಗಳವಾಡುತ್ತಿದ್ದರು. ಜಗಳದ ನಡುವೆ ಹಾಡು ಹುಟ್ಟುತ್ತಿತ್ತು.

ಆ ಕಟ್ಟಡದಲ್ಲಿ ಒಂದು ಪದ್ಧತಿಯಿತ್ತು. ಟ್ಯೂನು ಮೊದಲು ಹುಟ್ಟುತ್ತದೆ, ಮಾತು ಆಮೇಲೆ. ಮಾತು ಸಿಗುವವರೆಗೆ ಟ್ಯೂನಿನ ನಡಿಗೆ ಮರೆತುಹೋಗಬಾರದಲ್ಲ, ಅದಕ್ಕೆ ಬಾಯಿಗೆ ಬಂದ ಏನಾದರೂ ಹಾಕಿ ಹಾಡಿಕೊಳ್ಳುತ್ತಿದ್ದರು. ಅದಕ್ಕೆ ಡಮ್ಮಿ ಎಂದು ಹೆಸರು. ಬಸ್ಸಿನ ನಂಬರು, ಪಕ್ಕದ ಮನೆಯವಳ ಹೆಸರು, ಬೈಗುಳ, ಯಾವುದಾದರೂ ನಡೆಯುತ್ತದೆ. ನಿಜವಾದ ಮಾತು ಬಂದ ಮೇಲೆ ಡಮ್ಮಿ ಕಸದ ಬುಟ್ಟಿಗೆ. ಬುಟ್ಟಿಗೆ ಹೋಗಬೇಕಾದದ್ದು ಬುಟ್ಟಿಗೆ ಹೋಗಲಿಲ್ಲವೆಂದರೆ ಏನಾಗುತ್ತದೆ ಎಂಬುದಕ್ಕೆ ಸೆಲ್ಮಾಳ ಬಾಳೇ ಸಾಕ್ಷಿ.

೧೯೫೮ರ ಒಂದು ಮಂಗಳವಾರ ಲೂ ಒಂದು ಟ್ಯೂನ್ ನುಡಿಸಿದ. ನಾಲ್ಕೇ ಸಾಲು. ಮೂರನೇ ಸಾಲಿನಲ್ಲಿ ಸ್ವರ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು, ನಾಲ್ಕನೆಯದರಲ್ಲಿ ಇಳಿದು ಮನೆ ಸೇರುತ್ತಿತ್ತು. ಸೆಲ್ಮಾಳ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು.

"ಇನ್ನೊಂದ್ಸಲ ನುಡ್ಸೋ."

"ಮಾತು ಹಾಕು, ನುಡಿಸ್ತೀನಿ. ಇಲ್ದಿದ್ರೆ ಮಧ್ಯಾಹ್ನದ ಹೊತ್ತಿಗೆ ಮರ್ತೇಹೋಗುತ್ತೆ."

ಅವಳಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಬೆಳಿಗ್ಗೆ ಮನೆ ಬಿಡುವಾಗ ಅಮ್ಮ ಬಾಗಿಲಲ್ಲಿ ನಿಂತು ಹೇಳಿದ ಸಾಮಾನಿನ ಪಟ್ಟಿ. ಈರುಳ್ಳಿ ಎರಡು, ಕ್ಯಾರೆಟ್ಟು ನಾಕು. ಅಮ್ಮ ಹೇಳಿದ್ದನ್ನೇ ಸ್ವಲ್ಪ ಹಿಂದೆಮುಂದೆ ಮಾಡಿ ಹಾಡಿದಳು. ಲೂ ಕುರ್ಚಿಯಿಂದ ಬೀಳುವಂತೆ ನಕ್ಕ. ಒಂದು ಹಾಳೆಯಲ್ಲಿ ಗೀಚಿಟ್ಟುಕೊಂಡ. ಡಮ್ಮಿ ಆಯಿತು.

ಆಮೇಲೆ ಒಂಬತ್ತು ದಿನ ಸೆಲ್ಮಾ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆ ಟ್ಯೂನಿನಲ್ಲಿ ಅವಳಿಗೆ ಮೆಟ್ಟಿಲ ಸದ್ದು ಕೇಳಿಸಿತ್ತು. ಬರೆದಳು, ಹರಿದಳು, ಬರೆದಳು. ಕೊನೆಗೆ ಅಪ್ಪನಿಗಾಗಿ ಒಂದು ಹಾಡಾಯಿತು. ನೀಲಿ ಹಾಳೆಯಲ್ಲಿ ನೀಟಾಗಿ ಬರೆದು ಲೂನ ಕೈಗಿಟ್ಟಳು.

"ಇದು ನಮ್ಮಪ್ಪಂದು. ಜೋಪಾನ."

ಲೂ ಓದಿದ. ಸಿಗಾರನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ತಳ್ಳಿದ. "ಹೂಂ," ಎಂದ. ಅಷ್ಟೇ.

ಆ ವಾರ ಫಿಲಡೆಲ್ಫಿಯಾದ ಚಿಕ್ಕಮ್ಮನಿಗೆ ಕಾಯಿಲೆಯೆಂದು ಸೆಲ್ಮಾ ಅಮ್ಮನ ಜೊತೆ ಹೋಗಬೇಕಾಯಿತು. ಗುರುವಾರ ಡಿಕಿ ಲಾರ್ಸನ್ ಎಂಬ ಗಾಯಕ ಸ್ಟುಡಿಯೋಗೆ ಬರುವವನಿದ್ದ. ಲೂ ಹಾಳೆಯನ್ನು ಆಫೀಸಿಗೆ ಕೊಡುವುದು, ಅಲ್ಲಿ ಮಿಸ್ ಡುಗನ್ ಟೈಪ್ ಮಾಡುವುದು, ಡಿಕಿ ಹಾಡುವುದು ಎಂದು ಮಾತಾಗಿತ್ತು.

ಮೂರು ವಾರದ ಮೇಲೆ ಮೀನಿನಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಗಲ್ಲಾದ ಮೇಲಿನ ರೇಡಿಯೋದಲ್ಲಿ ಆ ಟ್ಯೂನು ಬಂತು. ಸೆಲ್ಮಾ ಪಕ್ಕದಲ್ಲಿದ್ದ ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅಮ್ಮ, ಕೇಳು, ಇದು ಅಪ್ಪನ..."

ಡಿಕಿ ಲಾರ್ಸನ್ ಜೇನು ಸುರಿಯುವ ದನಿಯಲ್ಲಿ ಹಾಡಿದ: ಈರುಳ್ಳಿ ಎರಡು, ಕ್ಯಾರೆಟ್ಟು ನಾಕು.

ಅಮ್ಮ ಬಾಯಿಬಿಟ್ಟುಕೊಂಡು ಕೇಳಿದಳು. ಆಮೇಲೆ ಇಡೀ ಅಂಗಡಿಗೆ ಕೇಳುವಂತೆ ಕೂಗಿದಳು. "ಅಯ್ಯೋ, ಇದು ನನ್ನ ಪಟ್ಟಿ ಕಣ್ರೀ! ನಾನೇ ಹೇಳಿದ್ದು! ಮಂಗಳವಾರ ಬೆಳಿಗ್ಗೆ!"

ಸೆಲ್ಮಾ ಮೀನು ತೆಗೆದುಕೊಳ್ಳದೆ ಸೀದಾ ಬ್ರಾಡ್‌ವೇಗೆ ಹೋದಳು. ಮಿಸ್ ಡುಗನ್‌ಳ ಮೇಜಿನ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಪೆಗ್ ಡುಗನ್ ತೆಳ್ಳನೆಯ, ಮೆತ್ತನೆ ದನಿಯ ಹೆಂಗಸು. ಹನ್ನೊಂದು ವರ್ಷದಿಂದ ಅದೇ ಕುರ್ಚಿ.

"ನನ್ನ ಕೈಗೆ ಬಂದಿದ್ದು ಒಂದೇ ಹಾಳೆ ಮಿಸ್ ವೈಸ್‌ಗ್ಲಾಸ್. ಅದರಲ್ಲಿ ಏನಿತ್ತೋ ಅದನ್ನೇ ಹೊಡೆದಿದ್ದೀನಿ. ದೇವರಾಣೆ."

"ನೀಲಿ ಹಾಳೆ ಎಲ್ಲಿ ಹೋಯ್ತು ಹಾಗಾದ್ರೆ? ರೆಕ್ಕೆ ಬಂದು ಹಾರಿಹೋಯ್ತಾ?"

"ನೀಲಿ ಹಾಳೆ ನಾನು ನೋಡೇ ಇಲ್ಲ."

"ಕಣ್ಣಿಟ್ಕೊಂಡು ಕೆಲಸ ಮಾಡಿದ್ರೆ ತಾನೇ ಕಾಣೋದು!"

ಲೂ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. "ಹೋಗ್ಲಿ ಬಿಡೇ, ಆದದ್ದು ಆಯ್ತು," ಎಂದ. ಪ್ರಕಾಶಕ ಗ್ರುಬರ್ ತನ್ನ ಕೋಣೆಯಿಂದ ಹೊರಗೆ ಬಂದು, ಹಾಡು ಹಿಟ್ ಆಗುತ್ತಿರುವಾಗ ಈ ಅಳು ಯಾಕೆ ಎಂದು ರೇಗಿದ. ಆದರೂ ಸೆಲ್ಮಾಳ ಬಾಯಿ ಮುಚ್ಚಿಸಬೇಕಲ್ಲ, ಮಿಸ್ ಡುಗನ್‌ಳನ್ನು ಕೆಳಗಿನ ಮಹಡಿಯ ಕಾಗದಪತ್ರದ ಗೋದಾಮಿಗೆ ಹಾಕಿದ. ಕಿಟಕಿಯಿಲ್ಲದ ಕೋಣೆ. ಅಲ್ಲೇ ಅವಳು ನಿವೃತ್ತಳಾಗುವವರೆಗೂ ಇದ್ದಳು. ಪ್ರತಿ ಹೊಸ ವರ್ಷಕ್ಕೂ ಸೆಲ್ಮಾಗೆ ಒಂದು ಕಾರ್ಡು ಕಳಿಸುತ್ತಿದ್ದಳು. ಸೆಲ್ಮಾ ಒಂದಕ್ಕೂ ಉತ್ತರ ಬರೆಯಲಿಲ್ಲ. ಕೆಲವನ್ನು ಬಿಚ್ಚಿಯೂ ನೋಡಲಿಲ್ಲ.

ಹಾಡು ಹಬ್ಬಿತು. ಹಬ್ಬಿತೆಂದರೆ ಹಾಗೆ ಹೀಗೆ ಅಲ್ಲ. ಮಕ್ಕಳು ಹಗ್ಗದಾಟಕ್ಕೆ ಹಾಡಿಕೊಂಡರು, ಸೈನಿಕರು ಹಾಡಿಕೊಂಡರು, ಕೂಲಿಯವರು ಗೋಡೆಗೆ ಬಣ್ಣ ಬಳಿಯುತ್ತ ಹಾಡಿಕೊಂಡರು. ಸೆಲ್ಮಾ ಸಿಡ್ ಎಂಬ ದಂತವೈದ್ಯನನ್ನು ಮದುವೆಯಾದ ದಿನ ಬ್ಯಾಂಡಿನವರು ಮೊದಲು ನುಡಿಸಿದ್ದೇ ಅದನ್ನು. ನೂರಿಪ್ಪತ್ತು ಜನ ಅತಿಥಿಗಳು ಕೈಕೈ ಹಿಡಿದು ಸುತ್ತು ಹಾಕುತ್ತ "ಮೀನು ತಾಜಾದು ನೋಡಿ ತರಬೇಕು" ಎಂದು ಕುಣಿದರು. ಮದುಮಗಳು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ಅಮ್ಮನಿಗಂತೂ ನೆಲ ಕಾಣುತ್ತಿರಲಿಲ್ಲ. ಬಂದವರಿಗೆಲ್ಲ ಅದೇ ಕಥೆ.

"ಅಮ್ಮ, ಸಾಕು ನಿಲ್ಸು. ಅದು ಹಾಡಲ್ಲ. ಕಸ."

"ಕಸ ಯಾಕೇ? ನಿಮ್ಮಪ್ಪ ಒಂದು ಶುಕ್ರವಾರ ಬ್ರೆಡ್ಡು ಮರೆತು ಬಂದು, ನಾನು ಬೈತೀನಿ ಅಂತ ಬಾಗಿಲಾಚೆ ಅರ್ಧ ಗಂಟೆ ನಿಂತಿದ್ದ, ಗೊತ್ತಾ? ಚಳಿ ಬೇರೆ. ಅವತ್ತಿಂದ ನಾನು ಹಾಗೆ ಹೇಳೋದು, ಮರೆತರೂ ಬಾ ಅಂತ. ಈಗ ರೇಡಿಯೋದಲ್ಲಿ ಹೇಳ್ತಾನೆ ನೋಡು ಆ ಹುಡುಗ!"

ಸೆಲ್ಮಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಟ್ಟಿನಲ್ಲಿದ್ದವರಿಗೆ ಯಾರ ಮಾತು ತಾನೇ ಕೇಳಿಸುತ್ತದೆ?

ಇನ್ನು ಕಸುಬಿನ ಪಾಡು ಕೇಳಬೇಡಿ. ಬಾಗಿಲು ತಟ್ಟಿ ಬಂದವರೆಲ್ಲ "ಅಂಥದ್ದೇ ಒಂದು ಕೊಡಮ್ಮ" ಎನ್ನುವವರೇ. ಒಬ್ಬನಿಗೆ ಬೀಟ್‌ರೂಟ್ ಮೇಲೆ ಹಾಡು ಬೇಕು, ಇನ್ನೊಬ್ಬನಿಗೆ ಉಪ್ಪಿನಲ್ಲಿಟ್ಟ ಸೌತೆಕಾಯಿ ಮೇಲೆ. ಅವಳು ಪ್ರೀತಿಯ ಹಾಡು ತೆಗೆದುಕೊಂಡು ಹೋದರೆ ಓದುವ ಮೊದಲೇ ತುಟಿಯಂಚಿನಲ್ಲಿ ನಗು. ಒಬ್ಬ ನಿರ್ಮಾಪಕ ಓದಿ ಮುಗಿಸಿ, "ಚೆನ್ನಾಗಿದೆ. ಇದರಲ್ಲಿ ತರಕಾರಿ ಯಾವಾಗ ಬರುತ್ತೆ?" ಎಂದು ಕೇಳಿದ್ದ. ಅವಳು ಅವನ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಅವನ ಟೈ ಮೇಲೆ ಸುರಿದು ಬಂದಳು. ಆ ಆಫೀಸಿಗೂ ಎಳ್ಳುನೀರು ಬಿಟ್ಟಂತಾಯಿತು.

ಅವಳಿಗಿದ್ದ ಆಸೆ ಒಂದೇ. ಆ ಟ್ಯೂನಿಗೆ ತಾನು ಬರೆದ ಮಾತನ್ನು, ಅಪ್ಪನ ಮಾತನ್ನು, ಒಂದೇ ಒಂದು ಸಲ ಒಳ್ಳೆಯ ಗಾಯಕರು ಜನರ ಮುಂದೆ ಹಾಡಬೇಕು. ನೀಲಿ ಹಾಳೆ ಕಳೆದುಹೋಗಿದ್ದರೂ ಮಾತು ನಾಲಿಗೆ ತುದಿಯಲ್ಲಿತ್ತು. ಇನ್ನೊಂದು ನೀಲಿ ಹಾಳೆಯಲ್ಲಿ ಬರೆದು ಕೈಚೀಲದಲ್ಲಿಟ್ಟುಕೊಂಡಳು. ಕೈಚೀಲಗಳು ಬದಲಾದವು, ಹಾಳೆ ಬದಲಾಗಲಿಲ್ಲ.

ಗ್ರುಬರ್ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಟ್ಯೂನಿನ ಹಕ್ಕು ಅವನದು. ಬೇರೆ ಮಾತು ಹಾಕಿ ಹಾಡಬೇಕಾದರೆ ಅವನ ಸಹಿ ಬೇಕು. "ಓಡೋ ಕುದುರೆಗೆ ಯಾಕಮ್ಮ ಬೇರೆ ಕಾಲು ಕಟ್ತೀಯಾ?" ಎನ್ನುತ್ತಿದ್ದ. ೧೯೬೪ರಲ್ಲಿ ಅವಳು ಸಹಿಗಿಹಿಯೆಂದು ನೋಡದೆ, ಕ್ಯಾಟ್ಸ್‌ಕಿಲ್ಸ್‌ನ ಬೆಟ್ಟದ ಮೇಲಿನ ಬೇಸಿಗೆ ಹೋಟೆಲೊಂದರ ಗಾಯಕನಿಗೆ ಕಾಡಿ ಬೇಡಿ ಆ ಹಾಡು ಕಲಿಸಿದಳು. ಅವನು ಊಟದ ಹೊತ್ತಿನಲ್ಲಿ ಮೊದಲ ಸಾಲು ಹಾಡಿದ್ದೇ ತಡ, ಜನ ಇದೇನೋ ಹೊಸ ತಮಾಷೆಯೆಂದುಕೊಂಡು ಚಪ್ಪಾಳೆ ಹೊಡೆದು ನಕ್ಕರು. ಅವನೂ ನಕ್ಕು ಈರುಳ್ಳಿಗೆ ಹೊರಳಿದ. ಸೆಲ್ಮಾ ಸೂಪಿನ ತಟ್ಟೆ ಬಿಟ್ಟು ಎದ್ದುಹೋದಳು.

ಹೀಗೇ ವರ್ಷಗಳು ಕಳೆದವು. ಅಮ್ಮ ಹೋದಳು. ಸಮಾಧಿಯ ಹತ್ತಿರ ಪ್ರಾರ್ಥನೆ ಹೇಳಿದ ಯಹೂದಿ ಪುರೋಹಿತ, ರಬ್ಬಿ ಕೂಡ ಈರುಳ್ಳಿಯ ಮಾತೆತ್ತಿದ. ಸಿಡ್ ಮಿಯಾಮಿಯ ಯಾವಳೋ ನರ್ಸ್ ಜೊತೆ ಹೋದ. ಹೋಗುವಾಗ, "ನೀನು ನನ್ನ ಮದುವೆ ಆಗ್ಲಿಲ್ಲ ಸೆಲ್ಮಾ, ಆ ಹಾಳೇನ ಮದುವೆ ಆದೆ," ಎಂದ. ಅದೊಂದು ಮಾತು ಮಾತ್ರ ಅವನು ಸರಿಯಾಗಿ ಆಡಿದ್ದು. ೧೯೯೭ರಲ್ಲಿ ಪೆಗ್ ಡುಗನ್ ಕೂಡ ತೀರಿಕೊಂಡಳೆಂದು ಯಾರೋ ಹೇಳಿದರು. ಆ ಹೊಸ ವರ್ಷಕ್ಕೆ ಕಾರ್ಡು ಬರಲಿಲ್ಲ.

ಉಳಿದವನು ಲೂ. ಜಗಳಕ್ಕೂ ಅವನೇ, ಕಾಫಿಗೂ ಅವನೇ. ಪ್ರತಿ ಗುರುವಾರ ಅಪ್ಪರ್ ವೆಸ್ಟ್ ಸೈಡಿನ ಒಂದೇ ಹೋಟೆಲಿನ ಒಂದೇ ಮೇಜು. ಸೆಲ್ಮಾ ಡುಗನ್‌ಳನ್ನು ಬೈಯುವುದು, ಲೂ ಸಕ್ಕರೆ ಕದಡುತ್ತ ಕೂತಿರುವುದು.

೧೯೯೯ರ ವಸಂತದಲ್ಲಿ ಹಳೆಯ ಹಾಡುಗಳ ಒಂದು ಸಂಘದವರು ಫೋನ್ ಮಾಡಿದರು. ಭಾನುವಾರ ಮಧ್ಯಾಹ್ನ, ಸೆಲ್ಮಾ ಮತ್ತು ಲೂ ಹಾಡುಗಳ ಕಾರ್ಯಕ್ರಮ. ಸೆಲ್ಮಾ ಒಂದೇ ಷರತ್ತು ಹಾಕಿದಳು. ಆ ಟ್ಯೂನು ನುಡಿಸುವುದಾದರೆ ನನ್ನ ಮಾತು, ಇಲ್ಲವೇ ಟ್ಯೂನೇ ಬೇಡ. ಗ್ರುಬರ್ ಸತ್ತು ಬಹಳ ವರ್ಷವಾಗಿತ್ತು. ಅವನ ಮಗಳು, "ಅಯ್ಯೋ, ಅದಕ್ಕೇನಂತೆ ಆಂಟಿ," ಎಂದು ಎರಡು ನಿಮಿಷದಲ್ಲಿ ಸಹಿ ಹಾಕಿಕೊಟ್ಟಳು. ನಲವತ್ತು ವರ್ಷ ಗೋಡೆಯೆಂದು ತಲೆ ಚಚ್ಚಿಕೊಂಡದ್ದು ಪರದೆಯಾಗಿತ್ತು, ನೋಡಿ.

ಸುದ್ದಿ ಕೇಳಿದಾಗ ಲೂನ ಮುಖ ಯಾಕೋ ಪೆಚ್ಚಾಯಿತು. "ಬೇಡ ಕಣೇ. ಜನ ಬರೋದು ಈರುಳ್ಳಿಗೆ."

"ಜನಕ್ಕೆ ನಲವತ್ತು ವರ್ಷ ಈರುಳ್ಳಿ ತಿನ್ನಿಸಿದ್ದೀನಿ. ಒಂದು ದಿನ ನನ್ನ ಅಡುಗೆ ತಿನ್ಲಿ."

ಅವನು ಇನ್ನೇನೋ ಹೇಳಹೊರಟು ಕಾಫಿ ಕುಡಿದ.

ಹಾಡುವವಳು ನೋರೀನ್ ಟ್ಯಾಲಿ. ಮೂವತ್ತೈದರ ಹೆಂಗಸು, ಪದ ಪದವನ್ನೂ ಗೌರವಿಸಿ ಹಾಡುವವಳು. ಇಂಥವಳಿಗಾಗಿಯೇ ಸೆಲ್ಮಾ ಕಾದದ್ದು. ಭಾನುವಾರ ಸಭಾಂಗಣ ತುಂಬಿತ್ತು. ಸೆಲ್ಮಾ ಮೊದಲ ಸಾಲಿನಲ್ಲಿ, ಅಮ್ಮನ ಮುತ್ತಿನ ಸರ ಹಾಕಿಕೊಂಡು. ಪಕ್ಕದಲ್ಲಿ ಲೂ, ಊರುಗೋಲು ಮಂಡಿಗಳ ನಡುವೆ. ನೋರೀನ್ ಜನಕ್ಕೆ ಎಲ್ಲ ಸ್ಪಷ್ಟವಾಗಿ ಹೇಳಿದಳು: ಈ ಟ್ಯೂನಿಗೆ ಬರೆದ ನಿಜವಾದ ಮಾತು ಇದು, ಟೋಪಿ ಕಾರ್ಖಾನೆಯ ಒಬ್ಬ ತಂದೆಗಾಗಿ ಬರೆದದ್ದು, ಇಂದೇ ಮೊದಲು ಪೂರ್ತಿ ಹಾಡುತ್ತಿರುವುದು. ಯಾರೂ ನಗಲಿಲ್ಲ. ಒಂದು ಕೆಮ್ಮೂ ಇಲ್ಲ. ಪಿಯಾನೋ ಶುರುವಾಯಿತು.

ಕೊನೆಯ ಮೆಟ್ಟಿಲಲಿ ನಿನ್ನ ಹೆಜ್ಜೆ ಸದ್ದು,
ಕಾಯುವ ಕಿವಿಗೆ ಅದೇ ದಿನದ ಮುದ್ದು...

ಸೆಲ್ಮಾಳ ಕಣ್ಣು ತುಂಬಿತು. ಅಪ್ಪ ಹತ್ತುತ್ತಿದ್ದ. ಅರವತ್ತನೇ ಮೆಟ್ಟಿಲು, ಅರವತ್ತೊಂದು. ಸ್ವರ ಮೇಲೇರಿತು, ಎಲ್ಲಕ್ಕಿಂತ ಎತ್ತರದ ಆ ಜಾಗಕ್ಕೆ ಬಂದು ನಿಂತಿತು.

ನೀನಿಲ್ಲದ ಬಾನಿನಲಿ ತಾರೆಗಳ ಶೋಕ,
ಮರಳಿ ಬಾರದೆ ಬರಿದಾಯಿತು ಲೋಕ.

ಅಪ್ಪ ಮಾಯವಾದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಈ ಸಾಲುಗಳನ್ನು ಸೆಲ್ಮಾ ಸಾವಿರ ಸಲ ಮನಸ್ಸಿನಲ್ಲಿ ಹಾಡಿಕೊಂಡಿದ್ದಳು. ಇನ್ನೊಬ್ಬರ ಬಾಯಲ್ಲಿ, ಆರುನೂರು ಜನರ ನಡುವೆ ಕೂತು ಕೇಳಿದ್ದು ಇದೇ ಮೊದಲು. ನೋರೀನ್‌ಳ ತಪ್ಪೇನೂ ಇರಲಿಲ್ಲ, ಅವಳು ಪ್ರಾಣ ಇಟ್ಟು ಹಾಡಿದ್ದಳು. ಜನ ಚಪ್ಪಾಳೆ ತಟ್ಟಿದರು. ಮರ್ಯಾದೆಗೆ ಎಷ್ಟು ತಟ್ಟಬೇಕೋ ಅಷ್ಟು, ಕಾಯಿಲೆಯವರನ್ನು ನೋಡಲು ಹೋದವರ ಹಾಗೆ. ಯಾರ ಕಣ್ಣೂ ಒದ್ದೆಯಾಗಿರಲಿಲ್ಲ. ಹಿಂದಿನ ಸಾಲಿನ ಹೆಂಗಸು ಗಂಡನ ಕಿವಿಯಲ್ಲಿ, "ಈರುಳ್ಳಿದು ಹಾಡಲ್ವಂತಾ?" ಎಂದದ್ದು ಚೆನ್ನಾಗಿಯೇ ಕೇಳಿಸಿತು.

ವಿರಾಮದಲ್ಲಿ ಎಲ್ಲರೂ ಕಾಫಿಗೆ ಎದ್ದರು. ಇಬ್ಬರೂ ಕೂತೇ ಇದ್ದರು.

"ಮೂರನೇ ಸಾಲು," ಎಂದಳು ಸೆಲ್ಮಾ.

"ಹೂಂ."

"ಸುಳ್ಳು ಅದು. ಶುದ್ಧ ಸುಳ್ಳು."

"ಮೊದಲ್ನೇದು ಚಿನ್ನ ಕಣೇ. ಎರಡನೇದೂ ಪರವಾಗಿಲ್ಲ. ಮೂರಕ್ಕೆ ಬಂದ್ರೆ ನಕ್ಷತ್ರ ಅಳ್ತಾವೆ. ನಿಮ್ಮಪ್ಪ ಬ್ರಾಂಕ್ಸ್‌ನಲ್ಲಿ ಯಾವತ್ತು ನಕ್ಷತ್ರ ನೋಡಿದ್ದ?"

ಅವಳು ಅವನ ಕಡೆ ತಿರುಗಿದಳು. ಅವನು ಊರುಗೋಲಿನ ಹಿಡಿ ನೋಡುತ್ತಿದ್ದ. ಇದು ಈಗ ಕೇಳಿ ಆಡಿದ ಮಾತಲ್ಲ, ಎಷ್ಟೋ ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಎಂದು ಅವಳಿಗೆ ಥಟ್ಟನೆ ಹೊಳೆಯಿತು.

"ಲೂ. ಆ ನೀಲಿ ಹಾಳೆ ಎಲ್ಲಿ?"

ಲೂ ಊರುಗೋಲನ್ನು ಪಕ್ಕಕ್ಕಿಟ್ಟ. ಆಮೇಲೆ ಕೋಟಿನ ಒಳಜೇಬಿನಿಂದ ಹಳೆಯ ಪಾಕೀಟು ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದ. ಮಡಿಕೆಗಳಲ್ಲಿ ಬೆಳ್ಳಗಾಗಿತ್ತು, ಉಳಿದ ಕಡೆ ಇನ್ನೂ ನೀಲಿಯಿತ್ತು.

"ಡುಗನ್‌ಗೆ ನಾನು ಕೊಟ್ಟಿದ್ದೇ ಒಂದು ಹಾಳೆ. ಈರುಳ್ಳಿದು. ಬೇಕಂತಲೇ ಕೊಟ್ಟೆ. ಎರಡನ್ನೂ ಪಿಯಾನೋ ಮೇಲಿಟ್ಟು ರಾತ್ರಿಯೆಲ್ಲ ಹಾಡಿ ನೋಡ್ದೆ. ಈರುಳ್ಳಿದ್ರಲ್ಲಿ ಮರೆತರೂ ಬಾ ಅನ್ನೋ ಹೊತ್ತಿಗೆ ಅಳು ಬರ್ತಿತ್ತು, ಈ ನೀಲಿ ಹಾಳೆದು ಹಾಡಿದ್ರೆ ಬರ್ತಿರ್ಲಿಲ್ಲ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಅಪ್ಪಂದು ಅಂದಿದ್ದೆಯಲ್ಲ."

"ಪೆಗ್ ಡುಗನ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಲಿಲ್ವಲ್ಲೋ ಅವಳು!"

"ಹೇಳ್ಬೇಡ ಅಂತ ಬೇಡ್ಕೊಂಡಿದ್ದೆ. ಒಂದು ವಾರಕ್ಕೆ ಅಂತ. ಆ ಒಂದು ವಾರ ನಲವತ್ತೊಂದು ವರ್ಷ ಆಗೋಯ್ತು."

ಸೆಲ್ಮಾಳ ಕಣ್ಣ ಮುಂದೆ ಕಿಟಕಿಯಿಲ್ಲದ ಕೋಣೆ ಬಂತು. ಬಿಚ್ಚದ ಕಾರ್ಡುಗಳು ಬಂದವು. ನಲವತ್ತೊಂದು ವರ್ಷ ಒಬ್ಬ ಪಾಪದ ಹೆಂಗಸಿಗೆ ಹಾಕಿದ ಶಾಪವೆಲ್ಲ ಈಗ ಎಲ್ಲಿಗೆ ಹೋಗಬೇಕು? ಅವಳು ಕೈಚೀಲವೆತ್ತಿ ಲೂನ ಹೆಗಲಿಗೆ ರಪ್ಪನೆ ಹೊಡೆದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಇನ್ನೊಂದು ಹೊಡೆದಳು. ಮುತ್ತಿನ ಸರ ಕೈಚೀಲದ ಕೊಂಡಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಳ್ಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ವಿರಾಮ ಮುಗಿದ ಗಂಟೆ ಹೊಡೆಯಿತು.

"ಬಯ್ಯೇ, ಎಷ್ಟು ಬೇಕಾದ್ರೂ ಬಯ್ಯಿ," ಎಂದ ಲೂ. "ನಾನು ಮಾಡಿದ್ದು ಸಣ್ಣ ದ್ರೋಹ ಅಲ್ಲ."

"ದ್ರೋಹ ಮನೆ ಹಾಳಾಗ್ಲಿ!" ಸೆಲ್ಮಾ ಅವನ ಕೈಲಿದ್ದ ನೀಲಿ ಹಾಳೆಯನ್ನು ಕಿತ್ತುಕೊಂಡು ಅವನ ಮುಖಕ್ಕೇ ಹಿಡಿದಳು. "ಮೂರನೇ ಸಾಲು ಸರಿಯಿಲ್ಲ ಅಂತ ಅವತ್ತೇ ಒಂದು ಮಾತು ಹೇಳೋಕೆ ನಿಂಗೇನಾಗಿತ್ತೋ ರೋಗ? ತಿದ್ದಿ ಕೊಡ್ತಿದ್ನಲ್ಲೋ! ಅರ್ಧ ಗಂಟೆ ಕೆಲಸ ಕಣೋ ಅದು, ಬರೀ ಅರ್ಧ ಗಂಟೆ!"

ಜನ ಕಾಫಿ ಮುಗಿಸಿ ಒಳಗೆ ಬರುತ್ತಿದ್ದರು. ಸೆಲ್ಮಾ ಕೈಚೀಲದಲ್ಲಿ ತಡಕಾಡಿ ಒಂದು ಪೆನ್ಸಿಲ್ ಹುಡುಕಿ ತೆಗೆದಳು. ಹಾಳೆಯನ್ನು ತೊಡೆಯ ಮೇಲೆ ಬಿಡಿಸಿ ಮೂರನೇ ಸಾಲನ್ನು ಹೊಡೆದುಹಾಕಿದಳು.